ನಕ್ಷೆಯಲ್ಲಿ ಇಲ್ಲದ ಕೊಟ್ಟಿಗೆ

ಕೊಪ್ಪಳ ಜಿಲ್ಲೆಯ ಹಿಟ್ನಾಳದ ಆಸುಪಾಸಿನ ಹಳ್ಳಿಗಳಲ್ಲಿ ಮನೆ ಕಟ್ಟಿಸುತ್ತಿರುವವರನ್ನು ‘ಪರವಾನಗಿ ಆತೇನು?’ ಎಂದು ಕೇಳಿ ನೋಡಿ. ‘ಲೋನಿಗೆ ಬೇಕಾದಾಗ ಮಾಡಿಸಿದರಾತು’ ಅನ್ನುತ್ತಾರೆ. ಪಾಯ ತೆಗೆಯುವುದಕ್ಕೆ ಅಯ್ಯನವರ ಮುಹೂರ್ತ ಬೇಕು, ತಲೆಬಾಗಿಲಿಗೆ ವಾಸ್ತು ನೋಡುವವರು ಬೇಕು, ಉಸುಕಿಗೆ ಟ್ರ್ಯಾಕ್ಟರಿನವನು ಬೇಕು. ಪಂಚಾಯಿತಿ ಕಾಗದದ ನೆನಪಾಗುವುದು ಗೋಡೆ ಲಿಂಟಲ್ ಮಟ್ಟಕ್ಕೆ ಎದ್ದ ಮೇಲೆ. ಇದನ್ನು ಹಳ್ಳಿಯವರ ಅಸಡ್ಡೆ ಎಂದು ಬೈಯುವ ಅಧಿಕಾರಿಗಳಿದ್ದಾರೆ, ಎಂಜಿನಿಯರುಗಳೂ ಇದ್ದಾರೆ. ನನ್ನ ತಕರಾರು ಆ ಕಾಗದದ ಮೇಲೆಯೇ. ಜಾಗದ ಬಗ್ಗೆ ಅದು ಕೇಳುವ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ಮನೆಯ ಬಗ್ಗೆ ಕೇಳುವುದು ತೀರಾ ಕಡಿಮೆ.

ಕಾನೂನಿನ ಮಾತು ಸರಳವಾಗಿದೆ. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದ ಪ್ರಕಾರ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿಯಿಲ್ಲದೆ ಹೊಸ ಮನೆ ಕಟ್ಟುವಂತಿಲ್ಲ, ಇದ್ದ ಮನೆಗೆ ಕೋಣೆ ಸೇರಿಸುವಂತೆಯೂ ಇಲ್ಲ. ಅರ್ಜಿ ಕೊಟ್ಟ 60 ದಿನಗಳೊಳಗೆ ಪಂಚಾಯಿತಿ ಏನೂ ಹೇಳದಿದ್ದರೆ ಅನುಮತಿ ಸಿಕ್ಕಿದೆ ಎಂದೇ ತಿಳಿಯಬೇಕು. ಓದುವುದಕ್ಕೆ ಇದು ಅರ್ಜಿದಾರನ ಪರವಾದ ಮಾತು. ಆದರೆ ಯಾವ ಬ್ಯಾಂಕಿನ ಮ್ಯಾನೇಜರೂ ಪಂಚಾಯಿತಿಯ ಮೌನವನ್ನು ಫೈಲಿಗೆ ಹಚ್ಚಿಕೊಂಡು ಸಾಲ ಕೊಡುವುದಿಲ್ಲ. ಅವನಿಗೆ ಸಹಿ ಬೇಕು, ಸೀಲು ಬೇಕು. ಹಾಗಾಗಿ ಮನೆ ಕಟ್ಟುವವನಿಗೆ ನೆರವಾಗಲೆಂದು ಬರೆದ ಸಾಲು ಪುಸ್ತಕದಲ್ಲೇ ಉಳಿದಿದೆ.

ಅರ್ಜಿಯ ತೂಕವೆಲ್ಲ ಉತಾರದಲ್ಲಿ, ಅಂದರೆ ಜಾಗದ ಒಡೆತನದ ದಾಖಲೆಯಲ್ಲಿದೆ. ಪಂಚಾಯಿತಿ ಆಸ್ತಿಗಳ ದಾಖಲೆಗೆ ಇ-ಸ್ವತ್ತು ತಂತ್ರಾಂಶ ಬಂದ ಮೇಲೆ, ಅಂದರೆ 2013ರಿಂದ ಈಚೆಗೆ, ನಮ್ಮ ಹಳ್ಳಿಗಳು ನಮೂನೆಗಳ ಭಾಷೆ ಕಲಿತುಬಿಟ್ಟಿವೆ. ‘ನಿಮ್ಮದು ಒಂಬತ್ತು-ಹನ್ನೊಂದು ಎ ಏನು, ಬಿ ಏನು?’ ಎಂಬ ಮಾತು ಚಹಾದಂಗಡಿಯಲ್ಲೂ ಕೇಳುತ್ತದೆ. ಗಾಂವಠಾಣದೊಳಗಿನ, ಅಂದರೆ ಹಳೆಯ ಊರಿನ ಮೇರೆಯೊಳಗಿನ ಜಾಗಕ್ಕೆ, ಕ್ರಮಬದ್ಧವಾಗಿ ಕೃಷಿಯೇತರ ಅಂದರೆ ಎನ್‌ಎ ಆಗಿ ಲೇಔಟ್ ಮಂಜೂರಾದ ಜಾಗಕ್ಕೆ ನಮೂನೆ 9 ಮತ್ತು 11ಎ. ಉಳಿದದ್ದಕ್ಕೆ 11ಬಿ. ಬಿ ಕೈಯಲ್ಲಿದ್ದರೆ ತೆರಿಗೆ ಕಟ್ಟಬಹುದು, ಪರವಾನಗಿ ಮಾತ್ರ ದೂರದ ಮಾತು. ಹಿಟ್ನಾಳಕ್ಕೆ ಇದು ಸಣ್ಣ ಸಂಗತಿಯಲ್ಲ. ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯ ಅಂಚೆ ವಿಳಾಸವೇ ಹಿಟ್ನಾಳ. ಆಚೆ ಗಿಣಿಗೇರಿಯ ಉಕ್ಕಿನ ಕಾರ್ಖಾನೆಗಳಿವೆ, ಈಚೆ ಮುನಿರಾಬಾದು, ಹೊಸಪೇಟೆ. ಕೆಲಸಕ್ಕೆ ಬಂದವರಿಗೆ ಬಾಡಿಗೆ ಮನೆ ಬೇಕು. ರಸ್ತೆ ದಂಡೆಯ ಹೊಲ ಗುಂಟೆ ಲೆಕ್ಕದಲ್ಲಿ ಕೈ ಬದಲಿಸುತ್ತದೆ. ಭೂ ಕಂದಾಯ ಕಾಯ್ದೆಯ 95ನೇ ಕಲಮಿನಲ್ಲಿ ಭೂಪರಿವರ್ತನೆ ಮಾಡಿಸಿ, ನಕ್ಷೆ ಮಂಜೂರು ಮಾಡಿಸಿ, ಆಮೇಲೆ ಮಾರುವಷ್ಟು ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಇನ್ನು ರಾಷ್ಟ್ರೀಯ ಹೆದ್ದಾರಿಗೆ ತಾಗಿದ ಹೊಲವಾದರೆ ರಸ್ತೆಯ ನಡುಗೆರೆಯಿಂದ 40 ಮೀಟರಿನೊಳಗೆ ಕಟ್ಟುವಂತೆಯೇ ಇಲ್ಲ, 75 ಮೀಟರಿನವರೆಗೆ ನಿರ್ಬಂಧವುಂಟು. ಇದೆಲ್ಲ ಕೊಂಡವನಿಗೆ ಗೊತ್ತಾಗುವುದು ಕೊಂಡ ಮೇಲೆ.

ಒಡೆತನದ ಈ ತಪಾಸಣೆ ಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಒಂದೇ ನಿವೇಶನವನ್ನು ಇಬ್ಬರಿಗೆ ಮಾರುವ ಆಟಕ್ಕೆ ಇ-ಸ್ವತ್ತು ಸಾಕಷ್ಟು ಕಡಿವಾಣ ಹಾಕಿತು, ಆ ಶ್ರೇಯ ಅದಕ್ಕೆ ಸಲ್ಲಲಿ. ಆದರೆ ಉತಾರ ಸರಿಯಿದೆ ಎಂದಾದ ಕೂಡಲೇ ಪರೀಕ್ಷೆ ಮುಗಿದಂತೆ. ಅರ್ಜಿಗೆ ಲಗತ್ತಿಸಿದ ನಕ್ಷೆಯನ್ನು ಯಾರೂ ಓದುವುದಿಲ್ಲ.

ಅದನ್ನು ಓದಬೇಕು. ಈ ಭಾಗದ ಒಂದು ಮಾದರಿ ನಕ್ಷೆ ಬಿಡಿಸಿದರೆ ಮೇಲೆ ಉತ್ತರ ದಿಕ್ಕಿನ ಬಾಣ, ಬಲಕ್ಕೆ ವಿಸ್ತೀರ್ಣದ ಕೋಷ್ಟಕ, ಕೆಳಗೆ ಎಂಜಿನಿಯರ್ ಸಹಿ, ಮಾಲೀಕರ ಸಹಿ. ನಡುವೆ ಹಾಲ್, ಕಿಚನ್, ಎರಡು ಬೆಡ್‌ರೂಮ್, ಒಂದಕ್ಕೆ ಅಟ್ಯಾಚ್ಡ್ ಬಾತ್‌ರೂಮ್. ಮುಂದೆ ಕಾರ್ ಪಾರ್ಕಿಂಗ್. ಆ ಓಣಿಯಲ್ಲಿ ಎದುರಿನಿಂದ ಮೇವಿನ ಬಂಡಿ ಬಂದರೆ ಬೈಕಿನವನು ಕಟ್ಟೆಗೆ ಒರಗಿ ನಿಲ್ಲಬೇಕು, ಕಾರಿನ ಮಾತು ಬಿಡಿ. ಸುತ್ತಲೂ ಸೆಟ್‌ಬ್ಯಾಕ್ ಎಂದು ಚುಕ್ಕೆಗೆರೆ ಎಳೆದಿರುತ್ತದೆ. 20×30ರ ನಿವೇಶನದಲ್ಲಿ ನಾಲ್ಕೂ ಕಡೆ ಮೂರು ಮೂರು ಅಡಿ ಬಿಟ್ಟರೆ ಉಳಿಯುವುದು 14×24, ಅಂದರೆ 600 ಚದರಡಿಯಲ್ಲಿ 336. ಅಷ್ಟರಲ್ಲಿ ಯಾರೂ ಕಟ್ಟುವುದಿಲ್ಲ. ನಕ್ಷೆ ಬರೆದವರಿಗೂ ಅದು ಗೊತ್ತು. ಹಳೆಯ ಊರಿನೊಳಗೆ ಎರಡು ಮನೆಗಳ ನಡುವೆ ಸಾಮಾಯಿಕ ಗೋಡೆ ಇರುತ್ತದೆ, ಒಬ್ಬರ ಜಂತಿ ಇನ್ನೊಬ್ಬರ ಗೋಡೆಯ ಮೇಲೆ ಕೂತಿರುತ್ತದೆ. ಅಂಥ ಕಡೆ ಸೆಟ್‌ಬ್ಯಾಕ್ ಎಲ್ಲಿಂದ ಅಳೆಯಬೇಕು? ಹಾಳೆಯ ಮೇಲಂತೂ ಅಳತೆ ತಪ್ಪಿರುವುದಿಲ್ಲ.

ಹಾಳೆಯಲ್ಲಿ ಇಲ್ಲದ್ದನ್ನು ನೋಡಿ. ಎರಡು ಎಮ್ಮೆ ಇರುವ ಮನೆಯ ನಕ್ಷೆಯಲ್ಲಿ ಕೊಟ್ಟಿಗೆ ಇಲ್ಲ, ‘ಸ್ಟೋರ್’ ಇದೆ. ಕಾಳಿನ ಚೀಲ ಒಟ್ಟುವ ಜಾಗವಿಲ್ಲ. ಹಪ್ಪಳ, ಶ್ಯಾವಿಗೆ, ಮೆಣಸಿನಕಾಯಿ ಒಣಗಲು ಹಾಕುವ ಮಾಳಿಗೆಗೆ ಏರುವ ಮೆಟ್ಟಿಲು ಎಲ್ಲೋ ಮೂಲೆಗೆ ಒತ್ತರಿಸಿದೆ. ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಒಂದು ಬಾಣದ ಗುರುತೂ ಇಲ್ಲ. ಬೀದಿಗೆ ಹೋಗುತ್ತದೆ, ಇನ್ನೆಲ್ಲಿಗೆ? ಬಿಸಿಲಿನ ಮಾತಂತೂ ಬರುವುದೇ ಇಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಈ ಕಡೆಯ ಹಳೆಯ ಮಾಳಿಗೆ ಮನೆಯೊಳಗೆ ಕೂತವರಿಗೆ ಗೊತ್ತು: ಎರಡಡಿ ದಪ್ಪದ ಕಲ್ಲಿನ ಗೋಡೆ, ತೊಲೆ-ಜಂತಿಯ ಮೇಲೆ ಸವುಳು ಮಣ್ಣು, ನಡುವೆ ಒಂದು ಬೆಳಕಿಂಡಿ, ಒಳಗೆಲ್ಲ ತಂಪು. ಆ ಮನೆಗಳಲ್ಲಿ ಗಾಳಿ ಕಡಿಮೆ, ಹೊಗೆ ಹೆಚ್ಚು, ಮಳೆಗಾಲದಲ್ಲಿ ಸೋರುವ ಕಾಟ. ಅವನ್ನು ಹೊಗಳಿ ಹಾಡುವ ಆಸೆ ನನಗಿಲ್ಲ. ಆದರೂ ಆರು ಇಂಚಿನ ಬ್ಲಾಕ್ ಗೋಡೆಯ ಮೇಲೆ ಬರಿಯ ಕಾಂಕ್ರೀಟ್ ಸ್ಲ್ಯಾಬ್ ಹಾಕಿ, ಪಡುವಣ ಗೋಡೆಗೆ ಮಲಗುವ ಕೋಣೆ ಕೊಟ್ಟ ನಕ್ಷೆಗೆ ‘ಅನುಮೋದಿಸಿದೆ’ ಎಂಬ ಮುದ್ರೆ ಬಿದ್ದಾಗ, ಅನುಮೋದನೆಯಾಗಿದ್ದು ಏನು ಎಂದು ಕೇಳಲೇಬೇಕಾಗುತ್ತದೆ.

ಎಂಜಿನಿಯರ್ ಕಚೇರಿಗಳನ್ನು ಬೈದು ಫಲವಿಲ್ಲ. ಒಂದು ನಕ್ಷೆಗೆ ಸಿಗುವ ಕೂಲಿಯಲ್ಲಿ ಅವರು ಊರಿಗೆ ಬಂದು ಓಣಿ ನೋಡಲಾರರು. ಕಂಪ್ಯೂಟರಿನಲ್ಲಿದ್ದ ಹಳೆಯ ನಕ್ಷೆಯ ಅಳತೆ ತಿದ್ದಿ ಹೆಸರು ಬದಲಿಸುತ್ತಾರೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೂ ಕಟ್ಟಡದ ತರಬೇತಿ ಇರುವುದಿಲ್ಲ. ಕುಡಿಯುವ ನೀರು, ಉದ್ಯೋಗ ಖಾತರಿ, ತೆರಿಗೆ ವಸೂಲಿಯ ನಡುವೆ ಆ ಹಾಳೆಯೂ ಒಂದು.

ತಮಾಷೆಯೆಂದರೆ, ಇದೇ ಸರ್ಕಾರಕ್ಕೆ ಕಟ್ಟುತ್ತಿರುವ ಮನೆಯನ್ನು ನೋಡುವ ಕಲೆ ಗೊತ್ತಿದೆ. ಬಸವ ವಸತಿ ಅಥವಾ ಆವಾಸ್ ಯೋಜನೆಯ ಮನೆಯಾದರೆ ಪಾಯ, ಲಿಂಟಲ್, ಛಾವಣಿ, ಮುಕ್ತಾಯ ಹೀಗೆ ಹಂತ ಹಂತಕ್ಕೂ ಜಿಪಿಎಸ್ ಫೋಟೊ ತೆಗೆದ ಮೇಲೆಯೇ ಕಂತು ಬಿಡುಗಡೆ. ಫಲಾನುಭವಿ ತನ್ನದೇ ಗೋಡೆಯ ಮುಂದೆ ನಿಲ್ಲಬೇಕು. ಸಾಮಾನ್ಯ ಪರವಾನಗಿಯ ಮನೆಗೆ ಹೀಗೆ ಒಂದು ಸಲ, ಪಾಯದ ಹಂತದಲ್ಲಾದರೂ, ಯಾರಾದರೂ ಬಂದು ಟೇಪು ಹಿಡಿದು ನೋಡಿದರೆ ಗೋಡೆ-ಗಡಿಯ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತಿತ್ತು. ಯೋಜನೆಯ ಮನೆಯಲ್ಲಿ ನೋಡುವುದು ಹಣಕ್ಕಾಗಿ, ಆ ಮಾತು ಬೇರೆ.

ಪಂಚಾಯಿತಿಯ ಗೋಡೆಗೆ 20×30, 30×40 ಅಳತೆಯ ನಾಲ್ಕೈದು ಸಿದ್ಧ ನಕ್ಷೆ ತೂಗುಹಾಕುವುದು ದೊಡ್ಡ ಖರ್ಚಿನ ಕೆಲಸವಲ್ಲ. ಅವುಗಳಲ್ಲಿ ಕೊಟ್ಟಿಗೆ ಇರಲಿ, ಇಂಗುಗುಂಡಿ ಇರಲಿ, ಬಿಸಿಲಿಗೆ ಯಾವ ಗೋಡೆ ದಪ್ಪ ಬೇಕು ಎಂಬುದಿರಲಿ, ಸಾಮಾಯಿಕ ಗೋಡೆಯ ಓಣಿಗೆ ಬೇರೆಯದೇ ನಿಯಮವಿರಲಿ. ಅದರಲ್ಲೊಂದನ್ನು ಆರಿಸಿದವನಿಗೆ ಅದೇ ದಿನ ಪರವಾನಗಿ ಕೊಟ್ಟರೆ ಜನ ಪಾಯಕ್ಕೆ ಮುಂಚೆಯೇ ಬರುತ್ತಾರೆ.

ಆದರೆ ಈಚೆಗೆ ಸುದ್ದಿಯಾಗಿದ್ದು ನಕ್ಷೆಯಲ್ಲ, ಕರೆಂಟು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಮುಗಿದ ಮನೆಯನ್ನು ನೋಡಿ ಕೊಡುವ ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್ತು, ನೀರಿನ ಸಂಪರ್ಕ ಕೊಡಬೇಡಿ ಎಂದಿತು. ಮೀಟರಿಗಾಗಿ ಜನ ರಾಜ್ಯದುದ್ದಕ್ಕೂ ಪರದಾಡಿದರು. ಮರುವರ್ಷ ರಾಜ್ಯ ಸರ್ಕಾರ 1200 ಚದರಡಿವರೆಗಿನ ನಿವೇಶನದ ಸಣ್ಣ ಮನೆಗಳಿಗೆ ಆ ಪತ್ರದಿಂದ ವಿನಾಯಿತಿಯ ದಾರಿ ಹುಡುಕಿತು. ಕತ್ತಲೆಯಲ್ಲಿ ಕೂತ ಕುಟುಂಬಗಳ ಮಟ್ಟಿಗೆ ಅದು ಸರಿಯಾದ ಕೆಲಸವೇ. ಆದರೆ ಮನೆ ಮುಗಿದ ಮೇಲಾದರೂ ಯಾರಾದರೂ ಹೊಸ್ತಿಲು ದಾಟಿ ಬಂದು, ಹಾಳೆಯಲ್ಲಿದ್ದದ್ದಕ್ಕೂ ಎದುರಿಗಿರುವುದಕ್ಕೂ ತಾಳೆ ಹಾಕಿ ನೋಡಲು ಇದ್ದ ಒಂದೇ ಒಂದು ನೆವ ಅದರೊಂದಿಗೆ ಹೋಯಿತು.