ಸೈಟಿನ ಅಳತೆಗೆ ಹೂಮರ

ಹಳದಿ ಟಬೂಬಿಯಾ ಎಲೆಯೆಲ್ಲ ಉದುರಿಸಿ ಬರೀ ಹೂವಾಗಿ ನಿಂತಿತೆಂದರೆ ನನಗೆ ಫೋನು ಶುರು. ‘ನಮ್ಮ ಗೇಟಿನ ಪಕ್ಕಕ್ಕೂ ಒಂದು ಹಾಕಿಸೋಣ ಅಂತಿದೀವಿ ಸಾರ್, ಎಲ್ಲಿ ಸಿಗುತ್ತೆ?’ ಸಿಗುವುದೇನೂ ಕಷ್ಟವಲ್ಲ. ಲಾಲ್‌ಬಾಗಿನ ಮಗ್ಗುಲಲ್ಲೇ ಸಿದ್ದಾಪುರದ ನರ್ಸರಿಗಳಿವೆ. ಆದರೆ ಹಾಕಿಸಬೇಡಿ ಎನ್ನುವುದೇ ನನ್ನ ಉತ್ತರ.

1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಕೃಂಬಿಗಲ್, ಒಂದು ಜಾತಿಯ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಈ ಊರಿನ ಸಾಲುಮರಗಳನ್ನು ಆರಿಸಿದವರು. ಜಯನಗರದ ಅಗಲ ರಸ್ತೆಗಳಿಗೆ, ಪಾರ್ಕುಗಳಿಗೆ ಆ ಲೆಕ್ಕ ಸರಿ. ಬನಶಂಕರಿಯ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ, ಕಾರು ಕಳೆದು ಉಳಿಯುವುದು ಮೂರು ನಾಲ್ಕು ಅಡಿಯ ಪಟ್ಟಿ. ಅದರಡಿಯಲ್ಲೇ ಸಂಪು, ಒಳಚರಂಡಿಯ ಪೈಪು. ಗುಲ್‌ಮೊಹರ್ ಬೇರು ನೆಲದ ಮೇಲುಮೇಲೆಯೇ ಹರಡಿ ಕಾಂಪೌಂಡನ್ನು ಎತ್ತಿಬಿಡುತ್ತದೆ. ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಅದರ ಕೊಂಬೆ ಮುರಿಯುವುದನ್ನು ಈ ಊರಿನವರಿಗೆ ಹೇಳಬೇಕಿಲ್ಲ.

ಪಟ್ಟಿ ಜಾಗದಲ್ಲಿ ನನ್ನ ಓಟು ಪಾರಿಜಾತಕ್ಕೆ. ಗಿಡ ನೋಡಲು ಸಾಧಾರಣ, ಎಲೆ ಮುಟ್ಟಿದರೆ ಸ್ಯಾಂಡ್‌ಪೇಪರ್. ಮಳೆಗಾಲ ಕಾಲಿಟ್ಟ ಮೇಲೆ ಅದರ ಆಟ ನೋಡಬೇಕು. ಕತ್ತಲಾದ ಮೇಲೆ ಅರಳಿ, ಬೆಳಕು ಹರಿಯುವಷ್ಟರಲ್ಲಿ ಬಿಳಿ ಎಸಳು, ಕೇಸರಿ ತೊಟ್ಟು ಸಮೇತ ಇಡೀ ಹೂವೇ ನೆಲಕ್ಕೆ. ನೆಲದಿಂದ ಆಯ್ದ ಹೂವು ಪೂಜೆಗೆ ಸಲ್ಲದು ಎನ್ನುವ ಅಜ್ಜಿಯರೂ ಇದೊಂದಕ್ಕೆ ರಿಯಾಯಿತಿ ಕೊಟ್ಟಿದ್ದಾರೆ. ಅರ್ಧ ದಿನದ ಬಿಸಿಲು ಸಾಕು. ಹೊಸ ಚಿಗುರಿನ ತುದಿಯಲ್ಲೇ ಹೂ ಬಿಡುವುದರಿಂದ ಚಳಿಗಾಲ ಮುಗಿಯುತ್ತಲೇ ಧೈರ್ಯವಾಗಿ ಸವರಿ. ಗಿಡ ಕೈಯಳತೆಯಲ್ಲೂ ಉಳಿಯುತ್ತದೆ.

ಸಂಪಿಗೆ ಬೇಕೇ ಬೇಕು ಎನ್ನುವವರು ಕಸಿ ಗಿಡವನ್ನೇ ಕೇಳಿ ತನ್ನಿ. ಬೀಜದ ಗಿಡ ಹೂ ಕಾಣಿಸಲು ಎಂಟು ಹತ್ತು ವರ್ಷ ಕಾಯಿಸುತ್ತದೆ. ಕಸಿಯದು ಎರಡು ಮೂರು ವರ್ಷದಲ್ಲೇ ಬಿಡುತ್ತದೆ. ಬುಡದ ಬಳಿ ಗಂಟು ಕಾಣದಿದ್ದರೆ ದುಡ್ಡು ಕೊಡಬೇಡಿ. ಗಂಟಿನ ಕೆಳಗೆ ಬರುವ ಚಿಗುರನ್ನು ಆಗಿಂದಾಗ್ಗೆ ಚಿವುಟಿ. ಹೊಸ ಮನೆಗಳಲ್ಲಿ ಸಂಪಿಗೆ ಸೊರಗುವುದಕ್ಕೆ ಬಹುಪಾಲು ಕಾರಣ ಮಣ್ಣು. ಮೇಸ್ತ್ರಿ ಹೂತುಬಿಟ್ಟ ಸಿಮೆಂಟು, ಗಾರೆ ಪುಡಿಯಿಂದ ಮಣ್ಣು ಕ್ಷಾರವಾಗಿ, ನರ ಮಾತ್ರ ಹಸಿರಾಗುಳಿದು ಎಲೆ ಹಳದಿಗಟ್ಟುತ್ತದೆ. ನೀರು ಸಾಲದೆಂದು ಇನ್ನಷ್ಟು ಸುರಿದು ಬೇರು ಕೊಳೆಸುವವರೇ ಹೆಚ್ಚು. ಎರಡಡಿ ಗುಂಡಿ ತೋಡಿಸಿ, ಆ ಕಸವನ್ನೆಲ್ಲ ಹೊರಹಾಕಿ, ಕೆಮ್ಮಣ್ಣು, ಹಳೇ ಸಗಣಿ ಗೊಬ್ಬರ, ಒಂದಿಷ್ಟು ಹೊಂಗೆ ಹಿಂಡಿ ತುಂಬಿಸಿ.

ಗುಲ್‌ಮೊಹರಿನ ಬಣ್ಣವೇ ಬೇಕೆಂದರೆ ಅದರ ದಾಯಾದಿ ರತ್ನಗಂಧಿ ಇದೆ, ಆಳೆತ್ತರಕ್ಕೆ ಸವರಿ ಇಟ್ಟುಕೊಳ್ಳಬಹುದು. ನೆರಳಿಗೆ ನಂದಿಬಟ್ಟಲು, ನನಗೆ ಸುತ್ತುಹೂವಿಗಿಂತ ಐದೆಸಳಿನದೇ ಇಷ್ಟ. ದಾಸವಾಳ ಯಾರೂ ಹೇಳದೆಯೇ ಹಾಕುತ್ತೀರಿ, ಹಿಟ್ಟು ತಿಗಣೆ ಕಂಡ ದಿನವೇ ಆ ತುದಿ ಕತ್ತರಿಸಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕಣಗಿಲೆ ಬೇಡ, ಬೇರಿನಿಂದ ಹೂವಿನವರೆಗೆ ಅದು ವಿಷ.

ಇಷ್ಟಾಗಿಯೂ ಟಬೂಬಿಯಾನೇ ಎನ್ನುವವರಿಗೆ ಒಂದು ಮಾತು: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ನಿಮ್ಮದೇ ಕಾಂಪೌಂಡಿನೊಳಗೆ ಬೆಳೆದ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ನರ್ಸರಿಗೆ ಹೊರಡುವ ಮುನ್ನ ಗೋಡೆಯಿಂದ ನೀರಿನ ಸಂಪಿನವರೆಗೆ ಎಷ್ಟು ಅಡಿ ಎಂದು ಅಳೆದುಕೊಂಡು ಹೋಗಿ.