ಮೊಬೈಲ್ ಪರದೆ ಮತ್ತು ಅಪ್‌ಡೇಟ್: ಅನಿಸಿಕೆ ಎಷ್ಟು, ಅಳತೆ ಎಷ್ಟು?

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದ ಸಹಾಯಕರು ತಮ್ಮ ಸ್ಮಾರ್ಟ್‌ಫೋನನ್ನು ನನ್ನ ಮೇಜಿನ ಮೇಲಿಟ್ಟು, "ಸಾರ್, ಅಪ್‌ಡೇಟ್ ಹಾಕಿದ ಮೇಲೆ ಇದು ತೆವಳ್ತಾ ಇದೆ. ಮೂವತ್ತು ಪರ್ಸೆಂಟ್ ಚಾರ್ಜ್ ಇರೋವಾಗಲೇ ಆಫ್ ಆಗುತ್ತೆ. ಜನ ಹೊಸದು ತಗೊಳ್ಳಲಿ ಅಂತ ಕಂಪನಿಯವರೇ ಹೀಗೆ ಮಾಡ್ತಾರಂತೆ, ನಿಜವಾ?" ಎಂದು ಕೇಳಿದರು. ಅವರ ಮೊಬೈಲಿನ ಪರದೆ 5.5 ಇಂಚಿನದು. ಅಕ್ಷರ ಸಣ್ಣದಾಗಿ ಕಾಣುತ್ತದೆಂದು 6.5 ಇಂಚಿನ ಮೊಬೈಲನ್ನು ಕಂತಿನಲ್ಲಿ ಕೊಳ್ಳುವ ಬಗ್ಗೆ ಅಂಗಡಿಯಲ್ಲಿ ಮಾತಾಡಿಯೂ ಬಂದಿದ್ದರು. ನಾನು ಹೆಚ್ಚು ಯೋಚಿಸದೆ, "ಹೌದು, ಎಲ್ಲ ವ್ಯಾಪಾರದ ತಂತ್ರ. ಇನ್ನು ಮೇಲೆ ಅಪ್‌ಡೇಟ್ ಹಾಕಲೇಬೇಡಿ" ಎಂದುಬಿಟ್ಟೆ.

ಸಂಜೆ ಮನೆಗೆ ಬಂದ ಮೇಲೆ ನನಗೇ ಮುಜುಗರವಾಯಿತು. ಅಳೆಯದೆ ಏನನ್ನೂ ಹೇಳಬಾರದೆಂದು ವರ್ಷವಿಡೀ ವಿದ್ಯಾರ್ಥಿಗಳಿಗೆ ಬೋಧಿಸುವವನು, ಅನಿಸಿದ್ದನ್ನೇ ತೀರ್ಪಿನಂತೆ ಹೇಳಿದ್ದೆ. ಮೊಬೈಲಿನ ಬಗ್ಗೆ ನಾವು ದಿನವೂ ಆಡುವ ಮಾತುಗಳಲ್ಲಿ ಮೂರನ್ನು ಇಲ್ಲಿ ಪರೀಕ್ಷೆಗೆ ಒಡ್ಡೋಣ: ಇಂಚು ಹೆಚ್ಚಿದಷ್ಟೂ ಓದಲು ಅನುಕೂಲ, ಅಪ್‌ಡೇಟ್ ಮಾಡಿದರೆ ಮೊಬೈಲ್ ನಿಧಾನವಾಗುತ್ತದೆ, ಚೆನ್ನಾಗಿ ನಡೆಯುತ್ತಿರುವ ಮೊಬೈಲಿಗೆ ಅಪ್‌ಡೇಟ್ ಬೇಡ.

ಕರ್ಣ ಹೇಳದ ಸಂಗತಿ

ಪರದೆಯ ಗಾತ್ರವೆಂದು ಜಾಹೀರಾತಿನಲ್ಲಿ ಕೊಡುವ ಸಂಖ್ಯೆ ಆಯತದ ಕರ್ಣದ ಉದ್ದ. ಉದ್ದ-ಅಗಲಗಳ ಅನುಪಾತ ತಿಳಿಯದೆ ಕರ್ಣವೊಂದರಿಂದಲೇ ವಿಸ್ತೀರ್ಣ ತಿಳಿಯದು. 2007ರಲ್ಲಿ ಬಂದ ಮೊದಲ ಐಫೋನಿನ ಪರದೆ 3.5 ಇಂಚು, ಅನುಪಾತ 3:2. 2011ರಲ್ಲಿ 5.3 ಇಂಚಿನ ಗ್ಯಾಲಕ್ಸಿ ನೋಟ್ ಬಂದಾಗ ಅಷ್ಟು ದೊಡ್ಡದನ್ನು ಕಿವಿಗೆ ಹಿಡಿಯುವುದು ಹೇಗೆಂದು ನಕ್ಕವರೇ ಹೆಚ್ಚು. ಆಮೇಲೆ ಕೆಲವು ವರ್ಷ 16:9 ಅನುಪಾತ ಬಳಕೆಯಲ್ಲಿತ್ತು. 2017ರಿಂದ ಪರದೆಗಳು ನೀಳವಾಗುತ್ತ ಹೋದವು. ಈಗ 20:9ರ ಆಸುಪಾಸಿನ ಅನುಪಾತ ಸಾಮಾನ್ಯ.

ನಮ್ಮ ಸಹಾಯಕರ ಎರಡು ಆಯ್ಕೆಗಳಿಗೆ ಪೈಥಾಗೊರಸ್ ಪ್ರಮೇಯವನ್ನು ಅನ್ವಯಿಸಿ ನೋಡಿ. 16:9 ಅನುಪಾತದ 5.5 ಇಂಚಿನ ಪರದೆಯ ಅಗಲ 6.85 ಸೆಂ.ಮೀ., ಎತ್ತರ 12.2 ಸೆಂ.ಮೀ. 20:9 ಅನುಪಾತದ 6.5 ಇಂಚಿನ ಪರದೆಯ ಅಗಲ 6.77 ಸೆಂ.ಮೀ., ಎತ್ತರ 15.1 ಸೆಂ.ಮೀ. ಒಂದು ಇಂಚು 'ದೊಡ್ಡ'ದಾದ ಪರದೆಯ ಅಗಲ ಹಳೆಯದಕ್ಕಿಂತ ಕೂದಲೆಳೆಯಷ್ಟು ಕಡಿಮೆಯೇ! ಆಕಾರ ಬದಲಾಗದಿದ್ದರೆ ವಿಸ್ತೀರ್ಣ ಶೇ. 40ರಷ್ಟು ಹೆಚ್ಚಬೇಕಿತ್ತು; ಆಕಾರ ನೀಳವಾದುದರಿಂದ ಹೆಚ್ಚಿದ್ದು ಶೇ. 22 ಮಾತ್ರ. ಅದೂ ಪೂರ್ತಿ ಎತ್ತರಕ್ಕೇ ಹೋಗಿದೆ. ಮೂಲೆಗಳನ್ನು ದುಂಡಗೆ ಮಾಡಿದ ಪರದೆಗಳಲ್ಲಿ ಕರ್ಣವನ್ನು ಮೂಲೆ ಚೂಪಾಗಿದ್ದಂತೆ ಭಾವಿಸಿಯೇ ಅಳೆಯುವುದರಿಂದ, ಕಾಣುವ ಜಾಗ ಇನ್ನೂ ಸ್ವಲ್ಪ ಕಡಿಮೆ.

ಒಂದು ಸಾಲಿನಲ್ಲಿ ಎಷ್ಟು ಅಕ್ಷರ ಹಿಡಿಸುತ್ತದೆ ಎಂಬುದನ್ನು ನಿರ್ಧರಿಸುವುದು ಅಗಲ. ಅಕ್ಷರ ಎಷ್ಟು ದೊಡ್ಡದಾಗಿ ಕಾಣಬೇಕೆಂಬುದನ್ನು ನಿರ್ಧರಿಸುವುದು ತಂತ್ರಾಂಶ. ಸೆಟ್ಟಿಂಗ್ಸ್‌ನಲ್ಲಿ ಅಕ್ಷರದ ಗಾತ್ರ ಹೆಚ್ಚಿಸಿದರೆ ಹಳೆಯ ಮೊಬೈಲಿನಲ್ಲೂ ಅಕ್ಷರ ದೊಡ್ಡದಾಗುತ್ತದೆ, ಖರ್ಚಿಲ್ಲದೆ. ಎತ್ತರ ಹೆಚ್ಚಿದ್ದರಿಂದ ಲಾಭವಿಲ್ಲವೆಂದಲ್ಲ. ಒತ್ತಕ್ಷರಗಳಿರುವ ಕನ್ನಡದ ಸಾಲಿಗೆ ಇಂಗ್ಲಿಷಿಗಿಂತ ಹೆಚ್ಚು ಎತ್ತರ ಬೇಕು. ನೀಳ ಪರದೆಯಲ್ಲಿ ಕೆಲವು ಸಾಲು ಹೆಚ್ಚು ಕಾಣುತ್ತವೆ. ಆದರೆ ಕಣ್ಣಿಗೆ ಸುಲಭವಾಗಲೆಂದು ಹಣ ಕೊಡುವವರಿಗೆ ಸಿಗುವುದು ಬೇರೊಂದು ಅನುಕೂಲ.

ಪರದೆಯ ಸ್ಪಷ್ಟತೆಯ ಬಗೆಗೂ ಇದೇ ಮಾತು. ಸಾಮಾನ್ಯ ದೃಷ್ಟಿಯ ಕಣ್ಣು ಸುಮಾರು ಒಂದು ಮಿನಿಟು ಕೋನದಷ್ಟು ದೂರವಿರುವ ಎರಡು ಚುಕ್ಕಿಗಳನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲದು. 30 ಸೆಂ.ಮೀ. ದೂರದಲ್ಲಿ ಇದು 0.087 ಮಿ.ಮೀ.ಗೆ ಸಮ, ಅಂದರೆ ಇಂಚಿಗೆ ಸುಮಾರು 290 ಪಿಕ್ಸೆಲ್. 2010ರ ಐಫೋನ್ 4 ಇಂಚಿಗೆ 326 ಪಿಕ್ಸೆಲ್ ತಲುಪಿ ಈ ಮಿತಿಯನ್ನು ದಾಟಿತು. ಅಲ್ಲಿಂದ ಮುಂದೆ ಈ ಸಂಖ್ಯೆ ಏರಿದಂತೆ ಕಣ್ಣಿಗೆ ದಕ್ಕುವುದು ಕಡಿಮೆಯಾಗುತ್ತ ಹೋಗುತ್ತದೆ.

ನಿಧಾನವಾಗುವುದು ಏಕೆ?

ಎರಡನೆಯ ಅನಿಸಿಕೆ ಬರಿಯ ಗುಮಾನಿಯಲ್ಲ. 2017ರ ಡಿಸೆಂಬರಿನಲ್ಲಿ ಆಪಲ್ ಕಂಪನಿ, ಬ್ಯಾಟರಿ ಹಳತಾದ ಕೆಲವು ಐಫೋನ್‌ಗಳ ಪ್ರಾಸೆಸರ್ ವೇಗವನ್ನು ತನ್ನ ಅಪ್‌ಡೇಟ್ ತಗ್ಗಿಸುತ್ತದೆ ಎಂದು ಒಪ್ಪಿಕೊಂಡಿತು. ಆ ವರ್ಷದ ಜನವರಿಯಲ್ಲೇ ಬಿಡುಗಡೆಯಾದ ಐಒಎಸ್ 10.2.1ರಲ್ಲಿ ಈ ಏರ್ಪಾಡು ಸೇರಿತ್ತು. 2018ರಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಅಪ್‌ಡೇಟ್‌ಗಳ ವಿಷಯದಲ್ಲಿ ಆಪಲ್‌ಗೆ 1 ಕೋಟಿ ಯೂರೊ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೊ ದಂಡ ಹಾಕಿತು. 2020ರಲ್ಲಿ ಫ್ರಾನ್ಸ್ ಆಪಲ್‌ಗೆ 2.5 ಕೋಟಿ ಯೂರೊ ದಂಡ ವಿಧಿಸಿತು.

ಆದರೆ ಇದರ ಹಿಂದಿನ ಭೌತಶಾಸ್ತ್ರ ನಮ್ಮ ಪದವಿ ಪೂರ್ವ ತರಗತಿಯ ಪಾಠವೇ. ಪ್ರತಿಯೊಂದು ಬ್ಯಾಟರಿಗೂ ಆಂತರಿಕ ರೋಧವಿದೆ. ಲಿಥಿಯಂ-ಅಯಾನ್ ಬ್ಯಾಟರಿ ಹಳತಾದಂತೆ, ಚಳಿ ಹೆಚ್ಚಾದಂತೆ ಅದು ಏರುತ್ತದೆ. ಬ್ಯಾಟರಿಯ ವಿದ್ಯುಚ್ಚಾಲಕ ಬಲ 3.7 ವೋಲ್ಟ್, ಆಂತರಿಕ ರೋಧ 0.1 ಓಮ್ ಎಂದಿಟ್ಟುಕೊಳ್ಳಿ. ಪ್ರಾಸೆಸರ್ ಕ್ಷಣಕಾಲ 2 ಆಂಪೇರ್ ಎಳೆದರೆ ಒಳಗೇ 0.2 ವೋಲ್ಟ್ ನಷ್ಟವಾಗಿ ಹೊರಗೆ 3.5 ವೋಲ್ಟ್ ಸಿಗುತ್ತದೆ. ರೋಧ 0.3 ಓಮ್‌ಗೆ ಏರಿದ್ದರೆ ಸಿಗುವುದು 3.1 ವೋಲ್ಟ್ ಮಾತ್ರ. ವೋಲ್ಟೇಜ್ ಒಂದು ಮಟ್ಟಕ್ಕಿಂತ ಇಳಿದಾಗ, ಬ್ಯಾಟರಿಯಲ್ಲಿ ಚಾರ್ಜ್ ಉಳಿದಿದ್ದರೂ, ಮೊಬೈಲ್ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಮೂವತ್ತು ಪರ್ಸೆಂಟ್ ಇದ್ದಾಗಲೇ ಆಫ್ ಆಗುವುದರ ಗುಟ್ಟು ಇದು. ಪ್ರಾಸೆಸರ್‌ನ ವೇಗ ತಗ್ಗಿಸಿದರೆ ಅದು ಎಳೆಯುವ ಪ್ರವಾಹವೂ ತಗ್ಗಿ, ಮೊಬೈಲ್ ಆರಿಹೋಗುವುದು ತಪ್ಪುತ್ತದೆ.

ಹಾಗಾಗಿ ಆ ಅಪ್‌ಡೇಟ್ ಮಾಡಿದ ಕೆಲಸಕ್ಕೆ ಕಾರಣವಿತ್ತು. ತಪ್ಪು ಇದ್ದದ್ದು ಬಳಕೆದಾರರಿಗೆ ಹೇಳದಿದ್ದುದರಲ್ಲಿ. ಬ್ಯಾಟರಿ ಬದಲಿಸಿದರೆ ಸಾಕೆಂದು ತಿಳಿದಿದ್ದರೆ ಎಷ್ಟೋ ಜನ ಹೊಸ ಮೊಬೈಲನ್ನೇ ಕೊಳ್ಳುತ್ತಿರಲಿಲ್ಲ. ಆಕ್ಷೇಪ ಎದ್ದ ಮೇಲೆ ಕಂಪನಿ ಅಮೆರಿಕದಲ್ಲಿ ಬ್ಯಾಟರಿ ಬದಲಾವಣೆಯ ದರವನ್ನು 79 ಡಾಲರಿನಿಂದ 29 ಡಾಲರಿಗೆ ಇಳಿಸಿತು.

ಇದೊಂದು ಪ್ರಕರಣದಿಂದ ಎಲ್ಲ ಅಪ್‌ಡೇಟ್‌ಗಳ ಮೇಲೂ ಅಪವಾದ ಹೊರಿಸುವುದು ಸರಿಯಲ್ಲ. ದೊಡ್ಡ ಅಪ್‌ಡೇಟ್ ಆದ ಮೊದಲ ಒಂದೆರಡು ದಿನ ಮೊಬೈಲ್ ತನ್ನ ಕಡತಗಳ ಸೂಚಿಯನ್ನು ಮತ್ತೆ ಸಿದ್ಧಪಡಿಸುತ್ತಿರುತ್ತದೆ. ಆಗ ನಿಧಾನವಾಗುವುದು, ಬಿಸಿಯಾಗುವುದು ಉಂಟು. ಸಂಗ್ರಹ ಜಾಗ ತುಂಬಿದ್ದರೂ ನಿಧಾನವಾಗುತ್ತದೆ. ಹೊಸ ತಂತ್ರಾಂಶ ಹಳೆಯ ಯಂತ್ರಾಂಶಕ್ಕೆ ನಿಜಕ್ಕೂ ಭಾರವಾಗುವುದೂ ಉಂಟು. ಯಾವುದು ಕಾರಣವೆಂದು ಅನಿಸಿಕೆಯಿಂದ ತಿಳಿಯದು. ಅಪ್‌ಡೇಟ್‌ಗೆ ಮುನ್ನ ಮೊಬೈಲ್ ಆರಂಭವಾಗಲು, ಕ್ಯಾಮೆರಾ ತೆರೆಯಲು ಹಿಡಿಯುವ ಸಮಯವನ್ನು ಐದು ಸಲ ಅಳೆದು ಸರಾಸರಿ ಬರೆದಿಡಿ. ವಾರದ ನಂತರ ಮತ್ತೆ ಅಳೆಯಿರಿ. ಸರಳ ಲೋಲಕದ ಪ್ರಯೋಗ ಮಾಡಿದ ಯಾವ ವಿದ್ಯಾರ್ಥಿಗೂ ಇದು ಕಷ್ಟವಲ್ಲ.

ಅಪ್‌ಡೇಟ್ ಬೇಡವೆ?

ಮೂರನೆಯದು ನಾನೇ ಕೊಟ್ಟ ಸಲಹೆ; ಮೂರರಲ್ಲಿ ಹೆಚ್ಚು ಅಪಾಯದ್ದೂ ಅದೇ. 2015ರಲ್ಲಿ ಆಂಡ್ರಾಯ್ಡ್‌ನಲ್ಲಿ ಸ್ಟೇಜ್‌ಫ್ರೈಟ್ ಎಂಬ ದೋಷ ಪತ್ತೆಯಾಯಿತು. ವಿಡಿಯೊ ಇರುವ ಒಂದು ಸಂದೇಶ ಕಳಿಸಿಯೇ ಇನ್ನೊಬ್ಬರ ಮೊಬೈಲಿನೊಳಗೆ ನುಸುಳಲು ಅದು ದಾರಿ ಮಾಡಿಕೊಡುತ್ತಿತ್ತು. ಅದರ ಬೆನ್ನಲ್ಲೇ ಗೂಗಲ್ ತಿಂಗಳಿಗೊಮ್ಮೆ ಭದ್ರತಾ ಅಪ್‌ಡೇಟ್ ಕೊಡುವ ಪದ್ಧತಿ ಆರಂಭಿಸಿತು. ಹಣದ ವ್ಯವಹಾರವೆಲ್ಲ ಮೊಬೈಲಿನಲ್ಲೇ ನಡೆಯುವ ಈ ಕಾಲದಲ್ಲಿ ಅಪ್‌ಡೇಟ್ ಹಾಕದಿರುವುದು ಬಾಗಿಲ ಚಿಲಕ ಸಡಿಲವೆಂದು ಗೊತ್ತಿದ್ದೂ ಸುಮ್ಮನಿರುವಂತೆ.

ಕನ್ನಡಿಗರಿಗೆ ಅಪ್‌ಡೇಟ್‌ನ ಋಣ ಇನ್ನೊಂದು ಬಗೆಯದೂ ಇದೆ. ಮೊದಲು ಎಷ್ಟೋ ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿ ಕನ್ನಡದ ಜಾಗದಲ್ಲಿ ಬರಿಯ ಚೌಕಗಳು ಕಾಣುತ್ತಿದ್ದುದು ಓದುಗರಿಗೆ ನೆನಪಿರಬಹುದು. 2012ರ ಆಂಡ್ರಾಯ್ಡ್ 4.1 ಆವೃತ್ತಿಯಲ್ಲಿ ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಬೆಂಬಲ ದೊರೆಯಿತು. ಇದಕ್ಕೆ ಎದುರಾದ ಉದಾಹರಣೆಯೂ ಉಂಟು. 2018ರ ಫೆಬ್ರವರಿಯಲ್ಲಿ ತೆಲುಗಿನ 'ಜ್ಞಾ' ಅಕ್ಷರವಿದ್ದ ಸಂದೇಶ ಬಂದರೆ ಐಫೋನಿನ ಸಂದೇಶ ತಂತ್ರಾಂಶ ಕುಸಿಯುತ್ತಿತ್ತು. ಕೆಲವೇ ದಿನಗಳಲ್ಲಿ ಐಒಎಸ್ 11.2.6 ಬಂದು ಅದನ್ನು ಸರಿಪಡಿಸಿತು. ಒಂದು ಆವೃತ್ತಿ ತಂದ ದೋಷವನ್ನು ಮುಂದಿನದು ತೆಗೆಯಿತು.

ಮಾತು ಮುಗಿಸುವ ಮುನ್ನ

ಮರುದಿನ ನಾನು ನಮ್ಮ ಸಹಾಯಕರ ಬಳಿ ನನ್ನ ಮಾತನ್ನು ಹಿಂತೆಗೆದುಕೊಂಡೆ. ಇಬ್ಬರೂ ಸ್ಕೇಲ್ ಹಿಡಿದು ಪರದೆಗಳನ್ನು ಅಳೆದೆವು. ಅಕ್ಷರದ ಗಾತ್ರ ಹೆಚ್ಚಿಸಿದೆವು. ಬ್ಯಾಟರಿ ಬದಲಿಸಿದ ಮೇಲೆ ನಡುವೆ ಆಫ್ ಆಗುವುದು ನಿಂತಿತು. ಕಂತಿನ ಮಾತು ಅಲ್ಲಿಗೆ ಬಿಟ್ಟರು.

ಕತೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಅಂದು ಅವರು ಹಾಕಿಕೊಂಡಿದ್ದದ್ದೇ ಆ ಮಾದರಿಗೆ ಬಂದ ಕೊನೆಯ ಅಪ್‌ಡೇಟ್. ನಾನು ಹಿಂತೆಗೆದುಕೊಂಡ ತಪ್ಪು ಸಲಹೆಯನ್ನು ತಯಾರಕರೇ ಪಾಲಿಸಿದಂತಾಯಿತು. ಎರಡು ವರ್ಷದ ನಂತರ ಅವರ ಬ್ಯಾಂಕಿನ ಅಪ್ಲಿಕೇಶನ್, ಆಂಡ್ರಾಯ್ಡ್ ಆವೃತ್ತಿ ಹಳೆಯದೆಂದು ತೆರೆಯಲು ನಿರಾಕರಿಸಿತು. ಪರದೆ, ಬ್ಯಾಟರಿ, ಪ್ರಾಸೆಸರ್ ಎಲ್ಲ ಸರಿಯಿದ್ದ ಯಂತ್ರವನ್ನು ಅವರು ಬದಲಿಸಲೇಬೇಕಾಯಿತು. "ಸಾರ್, ಅಳತೆಯೆಲ್ಲ ಸರಿ ಬಂದಿತ್ತಲ್ಲ?" ಎಂದು ಅವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಆದ್ದರಿಂದ ನನ್ನ ಆಕ್ಷೇಪ ಅಪ್‌ಡೇಟ್‌ಗಳ ಮೇಲಲ್ಲ, ಅವು ಬೇಗ ನಿಂತುಹೋಗುವುದರ ಮೇಲೆ. ಇದು ಆಗದ ಕೆಲಸವೇನಲ್ಲ. 2023ರ ಪಿಕ್ಸೆಲ್ 8 ಮತ್ತು 2024ರ ಗ್ಯಾಲಕ್ಸಿ ಎಸ್24 ಮಾದರಿಗಳಿಗೆ ತಯಾರಕರು 7 ವರ್ಷದ ಅಪ್‌ಡೇಟ್ ಭರವಸೆ ಕೊಟ್ಟಿದ್ದಾರೆ. ಆದರೆ ಇವು ದುಬಾರಿ ಮೊಬೈಲ್‌ಗಳು. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮ, ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್ ಮತ್ತು 800 ಸಲ ಚಾರ್ಜ್ ಮಾಡಿದ ಮೇಲೂ ಶೇ. 80 ಸಾಮರ್ಥ್ಯ ಉಳಿಸಿಕೊಳ್ಳುವ ಬ್ಯಾಟರಿ ಇರಬೇಕೆನ್ನುತ್ತದೆ. ನಮ್ಮಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿ ಹಕ್ಕಿನ ಕುರಿತು ಸಮಿತಿ ರಚಿಸಿತು. ಕಡಿಮೆ ಬೆಲೆಯ ಮೊಬೈಲ್ ಕೊಳ್ಳುವವರಿಗೂ ಇಂಥ ರಕ್ಷಣೆ ಸಿಗಬೇಕು.

ಅಲ್ಲಿಯವರೆಗೆ ಓದುಗರು ಅಂಗಡಿಯಲ್ಲಿ ಎಷ್ಟು ಇಂಚು ಎಂದು ಕೇಳುವ ಮೊದಲು ಎಷ್ಟು ವರ್ಷ ಅಪ್‌ಡೇಟ್ ಎಂದು ಕೇಳಲಿ. ಜೇಬಿನಲ್ಲೊಂದು ಪುಟ್ಟ ಸ್ಕೇಲ್ ಇದ್ದರೂ ಒಳ್ಳೆಯದೇ.