ಒಂದು ಎಂ.ಎಲ್. ಸೋಡಾಕ್ಕೆ ಏಕಿಷ್ಟು ತಾತ್ಸಾರ?

"ಇರುವೆ ಕಚ್ಚಿದ ಹಾಗಾಗುತ್ತೆ, ಅಷ್ಟೇ" ಎಂದು ಸಮಾಧಾನ ಹೇಳಿ, ಹೊಲಿಗೆಗೆ ಮುಂಚೆ ಮರಗಟ್ಟಿಸುವ ಮದ್ದಾದ ಲಿಗ್ನೊಕೇನ್ ಚುಚ್ಚುವುದು ನಮ್ಮಲ್ಲಿ ರೂಢಿ. ಗಾಯದ ಅಂಚಿಗೆ ಮದ್ದು ಇಳಿದೊಡನೆ ಭಗ್ಗೆಂದು ಏಳುವ ಉರಿಗೆ ಆ ಮಾತು ಸಾಲದು. ಎಷ್ಟು ಸಣ್ಣ ಸೂಜಿ ಬಳಸಿದರೂ ಉರಿ ಉಳಿಯುತ್ತದೆ, ಏಕೆಂದರೆ ಅದು ಮದ್ದಿನದು. ಅದನ್ನು ತಗ್ಗಿಸುವ ಬಫರಿಂಗ್, ಅಂದರೆ ಸೋಡಿಯಂ ಬೈಕಾರ್ಬೊನೇಟ್ ಬೆರೆಸುವ ಕ್ರಮ, ಇಷ್ಟು ಅಗ್ಗವಾಗಿದ್ದೂ ಮೂಲೆ ಸೇರಿರುವುದು ಅನ್ಯಾಯ.

ವಯಲಿನೊಳಗೆ ಏನಿದೆ ನೋಡಿ. ಅಡ್ರಿನಲಿನ್ ಬೆರೆತ ಲಿಗ್ನೊಕೇನಿನಲ್ಲಿ ಆ ಅಡ್ರಿನಲಿನ್ ಕೆಡದಿರಲೆಂದು ತಯಾರಕರು ದ್ರಾವಣವನ್ನು ಬೇಕೆಂದೇ ಹುಳಿಯಾಗಿಡುತ್ತಾರೆ. ಪಿಎಚ್ 4ರ ಆಸುಪಾಸು. ಲಿಗ್ನೊಕೇನಿನ ಪಿಕೆಎ, ಅಂದರೆ ಅದರ ಅರ್ಧ ಅಣುಗಳು ವಿದ್ಯುದಾವೇಶವಿಲ್ಲದೆ ಇರುವ ಪಿಎಚ್, ಸುಮಾರು 7.9. ನರದ ಪೊರೆಯನ್ನು ಸಲೀಸಾಗಿ ದಾಟುವುದು ವಿದ್ಯುದಾವೇಶವಿಲ್ಲದ ಅಣು. ಪಿಎಚ್ 3.9ರಲ್ಲಿ ಅಂಥವು ಹತ್ತು ಸಾವಿರಕ್ಕೆ ಒಂದು, 7.4ಕ್ಕೆ ಏರಿದರೆ ಹೆಚ್ಚುಕಡಿಮೆ ನಾಲ್ಕಕ್ಕೆ ಒಂದು. ಆ ಹುಳಿಯನ್ನು ಮುರಿಯುವ ಕೆಲಸವನ್ನು ನಾವು ರೋಗಿಯ ಚರ್ಮಕ್ಕೆ ಬಿಟ್ಟುಬಿಟ್ಟಿದ್ದೇವೆ. 9 ಎಂ.ಎಲ್. 1% ಲಿಗ್ನೊಕೇನಿಗೆ 1 ಎಂ.ಎಲ್. 8.4% ಬೈಕಾರ್ಬ್ ಬೆರೆಸಿದರೆ ಅದು ಸಿರಿಂಜಿನಲ್ಲೇ ಮುಗಿಯುತ್ತದೆ. ನಮ್ಮಲ್ಲಿ ಸಿಗುವ 7.5% ಆಂಪೂಲಿನ ಸತ್ವವೂ ಅದಕ್ಕೆ ಹತ್ತಿರವೇ. ತುರ್ತು ಚಿಕಿತ್ಸೆಯ ಟ್ರಾಲಿಯಲ್ಲಿ ಅದು ಹೇಗೂ ಇರುತ್ತದೆ.

"ನಿಧಾನವಾಗಿ ಚುಚ್ಚಿದರಾಯಿತು, ಸೋಡಾ ಯಾಕೆ?" ಎನ್ನುವವರ ಮೇಲೆ ನನಗೆ ತಕರಾರಿದೆ. ಅವರು ಮುಂದಿಡುವುದು ಸ್ಕಾರ್ಫೋನ್ ಮತ್ತು ಸಂಗಡಿಗರ 1998ರ ಅಧ್ಯಯನ. ನೋವಿನ ಮೇಲೆ ಬಫರಿಂಗಿಗಿಂತ ಚುಚ್ಚುವ ವೇಗದ ಪ್ರಭಾವ ಹೆಚ್ಚೆಂದು ಅದರಲ್ಲಿ ಕಂಡಿದ್ದು ನಿಜ. ಆದರೆ ಒಂದು ಹೆಚ್ಚೆಂದರೆ ಇನ್ನೊಂದು ಬೇಡವೆಂದು ಯಾವ ತರ್ಕ? ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2010ರ ಕಾಕ್ರೇನ್ ವಿಮರ್ಶೆ ಬಫರಿಂಗಿನಿಂದ ನೋವು ಇಳಿಯುತ್ತದೆ, ಅಡ್ರಿನಲಿನ್ ಇರುವ ಮದ್ದಿನಲ್ಲಿ ಇನ್ನಷ್ಟು ಇಳಿಯುತ್ತದೆ ಎಂದಿತು. ಇದನ್ನು ಅವರು ಎತ್ತುವುದೇ ಇಲ್ಲ. ಮೇಲಾಗಿ, ಸರತಿ ಬಾಗಿಲಾಚೆ ಬೆಳೆದ ರಾತ್ರಿಯಲ್ಲಿ ಮೊದಲು ಕೈಬಿಡುವುದು ಆ ನಿಧಾನವನ್ನೇ. ಅಂಥ ಹೊತ್ತಲ್ಲಿ ಸಿರಿಂಜಿನಲ್ಲಿರುವ ಸೋಡಾವಾದರೂ ಅಳುವ ಮಗುವಿನ ಪಾಲಿಗೆ ಬೇಕು.

ದಂತವೈದ್ಯರಲ್ಲಿ ಕೆಲವರು ಬಫರಿಂಗಿನಿಂದ ಕೀವುಗಟ್ಟಿದ ಹಲ್ಲೂ ಥಟ್ಟನೆ ಮರಗಟ್ಟುತ್ತದೆ ಎನ್ನುತ್ತಾರೆ. ಅಲ್ಲಿಯ ಫಲಿತಾಂಶಗಳು ಒಂದೇ ದಿಕ್ಕಿಗಿಲ್ಲ. ನನ್ನ ವಾದ ಚರ್ಮದ ಹೊಲಿಗೆಯದ್ದು. ಮರಗಟ್ಟಿಸುವ ಇನ್ನೊಂದು ಮದ್ದಾದ ಬ್ಯುಪಿವಕೇನಿಗೆ ಇದೇ ಅಳತೆ ಹಾಕಬಾರದು, ಮದ್ದು ಮಡ್ಡಿಗಟ್ಟುತ್ತದೆ. ಹುಳಿ ಹೋದ ಮೇಲೆ ಅಡ್ರಿನಲಿನ್ ಬೇಗ ಸತ್ವ ಕಳೆದುಕೊಳ್ಳುವುದರಿಂದ, ವಾರಕ್ಕಾಗುವಷ್ಟು ಬೆರೆಸಿಡದೆ ಬೇಕಾದಾಗ ಬೇಕಾದಷ್ಟೇ ಬೆರೆಸಬೇಕು.